ನಮ್ಮ ಸ್ಕ್ಯಾನರ್ ನೆನೆದು ಹೋಗಿದೆ: ಅಂಧ ವಿದ್ಯಾರ್ಥಿಗಳ ಇ-ಪುಸ್ತಕಕ್ಕಾಗಿ ಒಂದು ಮನವಿ

ಪ್ರಿಯ ದಾನಿಗಳೇ, ಹಿತೈಷಿಗಳೇ,

ಧಾರವಾಡದ ಮಳೆ ನಿಮಗೆ ಗೊತ್ತೇ ಇದೆ. ಈ ಸಲ ಜುಲೈ ಕೊನೆಗೆ ಮೂರು ದಿನ ಬಿಟ್ಟೂಬಿಡದೆ ಹೊಯ್ಯಿತು. ಅಂಧ ವಿದ್ಯಾರ್ಥಿಗಳಿಗೆ ಕೇಳಿ ಓದುವ ಪುಸ್ತಕ ತಯಾರಿಸುವ ನಮ್ಮ ಟ್ರಸ್ಟಿನ ಕೋಣೆಗೆ ಶನಿವಾರ ಸಂಜೆ ಕೀಲಿ ಹಾಕಿ ಹೋದವರು ಸೋಮವಾರ ಬಂದು ಬಾಗಿಲು ತೆರೆದರೆ, ಎರಡು ಹಂಚು ಜಾರಿ ನೀರು ನೇರವಾಗಿ ಸ್ಕ್ಯಾನರ್ ಮೇಲೆ ಬೀಳುತ್ತಿತ್ತು. ಪಕ್ಕದ ಎರಡು ಕಂಪ್ಯೂಟರುಗಳೂ ಹೋದವು. ಮುಗಿದ ಪುಸ್ತಕಗಳ ಪ್ರತಿ ಬೇರೆ ಕಡೆ ಇತ್ತು, ಪುಣ್ಯ. ಅರ್ಧ ತಿದ್ದಿದ್ದ ಒಂಬತ್ತು ಪುಸ್ತಕಗಳು ಮಾತ್ರ ಹಾಳಾದ ಹಾರ್ಡ್ ಡಿಸ್ಕಿನಲ್ಲೇ ಇದ್ದವು. ಅವಕ್ಕೆ ಪ್ರತಿ ತೆಗೆದಿಡದೆ ಇದ್ದದ್ದು ನಮ್ಮದೇ ತಪ್ಪು, ಯಾರ ಮೇಲೂ ಹಾಕುವುದಿಲ್ಲ.

ನಮ್ಮ ಟ್ರಸ್ಟನ್ನು ನೀವು ಕ್ಯಾಸೆಟ್ ಕಾಲದಿಂದ ನೋಡಿದ್ದೀರಿ. ನಿವೃತ್ತ ಅಕ್ಕೋರು (ಶಿಕ್ಷಕಿಯರು) ನಾಲ್ಕು ಜನ ಸೇರಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಬಿ.ಎ. ಇತಿಹಾಸದ ಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದರು. ಒಂದು ಕ್ಯಾಸೆಟ್ಟಿನಲ್ಲಿ ತಾಳಿಕೋಟೆ ಯುದ್ಧದ ನಡುವೆ ಪಕ್ಕದ ಮನೆಯ ಕುಕ್ಕರ್ ಸೀಟಿ ಕೂಗುತ್ತದೆ. ಅದನ್ನೇ ಕೇಳಿ ಓದಿದ ಹುಡುಗ ಈಗ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ಆ ಸೀಟಿ ಬಂದಾಗಲೆಲ್ಲ ಹಸಿವಾಗುತ್ತಿತ್ತು ಅಂತ ಇವತ್ತಿಗೂ ನಗುತ್ತಾನೆ. ಆಮೇಲೆ ಸಿಡಿ ಬಂತು, ಆಮೇಲೆ ಮೊಬೈಲ್ ಬಂತು, ನಾವೂ ಬದಲಾದೆವು. ಈ ಭಾಗದಲ್ಲಿ ಇಂಥ ಕೆಲಸವನ್ನು ಇಷ್ಟು ಪಟ್ಟು ಹಿಡಿದು ಮಾಡಿದವರು ಕಡಿಮೆ ಅಂತ ಹೇಳಿಕೊಳ್ಳಲು ನಮಗೇನೂ ಸಂಕೋಚ ಇಲ್ಲ. ಸನ್ಮಾನದ ಶಾಲುಗಳಿಗೆ ಒಂದು ಕಪಾಟೇ ಬೇಕಾಗಿದೆ. ಆ ಕಪಾಟು ಮಾತ್ರ ನೆನೆಯಲಿಲ್ಲ ನೋಡಿ!

ಎಷ್ಟೋ ಜನ ಕೇಳುತ್ತಾರೆ, ಪಿಡಿಎಫ್ ಎಲ್ಲ ವಾಟ್ಸಾಪಿನಲ್ಲೇ ಬರುತ್ತಲ್ಲ, ನೀವು ಮತ್ತೆ ಮಾಡೋದೇನು ಅಂತ. ಹೋದ ತಿಂಗಳು ಕೊಪ್ಪಳ ಕಡೆಯ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಇಲ್ಲೇ ಧಾರವಾಡದ ಸಪ್ತಾಪುರದಲ್ಲಿ ರೂಮು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಗೆಳತಿಯರು ಕಳಿಸಿದ ಅರ್ಥಶಾಸ್ತ್ರದ ಪಿಡಿಎಫ್ ತೆರೆದು ಫೋನನ್ನು ನನ್ನ ಕಿವಿಗೆ ಹಿಡಿದಳು. ಫೋನು ‘ಪುಟ ಒಂದು’ ಅಂದು ಸುಮ್ಮನಾಯಿತು. ಬೆರಳು ಸರಿಸಿದಳು, ‘ಪುಟ ಎರಡು’. ಮತ್ತೆ ಮೌನ. ಮುನ್ನೂರು ಪುಟವೂ ಹೀಗೇ. ಅದು ಪುಸ್ತಕವಲ್ಲ, ಪುಸ್ತಕದ ಫೋಟೋ. ಫೋಟೋದಲ್ಲಿ ಅಕ್ಷರ ನಮಗೆ ಕಾಣುತ್ತದೆ, ಓದಿ ಹೇಳುವ ತಂತ್ರಾಂಶಕ್ಕೆ ಬರೀ ಚಿತ್ರ. “ಸರ್, ಗೆಳತಿಯರು ಹಾಸ್ಟೆಲ್‌ನಲ್ಲಿ ಎರಡು ಸಲ ಓದಿ ಮುಗಿಸಿದ್ದಾರೆ, ನಾನು ಇನ್ನೂ ಪುಸ್ತಕ ಹುಡುಕುತ್ತಿದ್ದೇನೆ” ಅಂದಳು. ಅಳಲಿಲ್ಲ. ನನಗೇ ಮಾತು ಬರಲಿಲ್ಲ.

ಟೈಪ್ ಮಾಡಿದ ಕಡತ ಸಿಕ್ಕರೂ ಗೋಳು ತಪ್ಪುವುದಿಲ್ಲ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಬರುವ ಮೊದಲಿನ ಫಾಂಟುಗಳಲ್ಲಿ ಕನ್ನಡ ಪರದೆಯ ಮೇಲೆ ಮಾತ್ರ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಅಂತ ಬರೆದರೆ ಒಳಗೆ ಕೂತಿರುವುದು ಇಂಗ್ಲಿಷಿನ ‘P’ ಅಕ್ಷರ, ಪೌಂಡ್ ಚಿಹ್ನೆ, ಮತ್ತೆ ಇನ್ನೇನೇನೋ. ಕನ್ನಡದ ನಡುವೆ ಇಂಗ್ಲೆಂಡಿನ ದುಡ್ಡು! ತಂತ್ರಾಂಶ ಅದನ್ನೇ ಒದರುತ್ತದೆ. ಅದನ್ನು ಯುನಿಕೋಡಿಗೆ ಬದಲಾಯಿಸಬೇಕು, ಒಡೆದ ಒತ್ತಕ್ಷರ ಸರಿಮಾಡಬೇಕು.

ಸ್ಕ್ಯಾನ್ ಮಾಡಿದ ಪುಟವನ್ನು ಒಸಿಆರ್ ಅನ್ನುವ ತಂತ್ರಾಂಶ ಅಕ್ಷರ ಮಾಡಿಕೊಡುತ್ತದೆ ನಿಜ, ಆದರೆ ಕನ್ನಡದಲ್ಲಿ ಅದು ಎಡವುವುದು ಜಾಸ್ತಿ. ‘ದ’ದ ಕೆಳಗೆ ಒಂದು ಚುಕ್ಕೆ ಕೊಳೆ ಇದ್ದರೂ ಸಾಕು, ‘ಧ’ ಆಗಿಬಿಡುತ್ತದೆ. ಒಂದು ಕಥೆಯಲ್ಲಿ ದನ ಕಾಯುವ ಹುಡುಗ ಪುಸ್ತಕ ಮುಗಿಯುವವರೆಗೂ ಧನ ಕಾಯ್ದ. ಅನುಸ್ವಾರವನ್ನು ಅಂಕಿಯ ಸೊನ್ನೆ ಅಂದುಕೊಂಡರೆ ‘ಅಂಕ’ವನ್ನು ‘ಅ ಸೊನ್ನೆ ಕ’ ಅಂತ ಓದುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಮನುಷ್ಯರೇ ಕೂತು ತಿದ್ದಬೇಕು. ಅಧ್ಯಾಯದ ಹೆಸರನ್ನು ಬರೀ ದಪ್ಪ ಅಕ್ಷರ ಮಾಡಿದರೆ ಸಾಲದು, ಶೀರ್ಷಿಕೆ ಅಂತ ಗುರುತು ಹಾಕಬೇಕು. ಇಲ್ಲದಿದ್ದರೆ ಹನ್ನೊಂದನೇ ಅಧ್ಯಾಯ ಹುಡುಕಲು ಮೊದಲಿನಿಂದ ಕೇಳುತ್ತಾ ಬರಬೇಕಾಗುತ್ತದೆ. ಮೇಷ್ಟ್ರು ‘ಪುಟ 64 ತೆಗೀರಿ’ ಅಂದಾಗ ಸಿಗುವಂತೆ ಪುಟಸಂಖ್ಯೆ ಬೇಕು. ನಕ್ಷೆ, ಕೋಷ್ಟಕ ಇದ್ದರೆ ಅದರಲ್ಲಿ ಏನಿದೆ ಅಂತ ಬರೆಯಬೇಕು. ಇಷ್ಟಾದ ಮೇಲೆ ಇಪಬ್ ಅನ್ನುವ ಇ-ಪುಸ್ತಕ ರೂಪಕ್ಕೆ ತಂದು, ನಮ್ಮ ಅಂಧ ಸ್ವಯಂಸೇವಕರೇ ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಹಾಕಿಕೊಂಡು ಕೇಳಿ ಪಾಸು ಮಾಡಬೇಕು. ಅವರ ಕಿವಿ ಬಹಳ ಚುರುಕು, ಅರ್ಧ ಪುಸ್ತಕ ವಾಪಸ್ ಬರುತ್ತದೆ. ಎನ್‌ವಿಡಿಎ ಉಚಿತ ತಂತ್ರಾಂಶ, 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕರೊಬ್ಬರು ಶುರು ಮಾಡಿದ್ದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಅಷ್ಟು ಉಳಿತಾಯ.

ಕಾಪಿರೈಟ್ ಬಗ್ಗೆ ಹೆದರಬೇಡಿ. 2012ರ ತಿದ್ದುಪಡಿಯ ನಂತರ, ಲಾಭಕ್ಕಲ್ಲದೆ ಅಂಗವಿಕಲರಿಗಾಗಿ ಪುಸ್ತಕವನ್ನು ಓದಲು ಬರುವ ರೂಪಕ್ಕೆ ತರಲು ನಮ್ಮ ಕಾನೂನೇ ಅವಕಾಶ ಕೊಟ್ಟಿದೆ. ಇದೇ ವಿಷಯದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಆದರೆ ಈ ಅವಕಾಶ ಅಂಗವಿಕಲರಿಗಾಗಿ ಮಾತ್ರ, ಅದಕ್ಕೇ ಪುಸ್ತಕಗಳನ್ನು ಅಂಧ ಸದಸ್ಯರಿಗೆ ಮಾತ್ರ ಕೊಡುತ್ತೇವೆ, ದಯವಿಟ್ಟು ‘ನನಗೂ ಒಂದು ಕಳಿಸಿ’ ಅನ್ನಬೇಡಿ. 2016ರಲ್ಲಿ ಶುರುವಾದ, ಅಚ್ಚಾದ ಪುಸ್ತಕ ಓದಲಾಗದವರ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯ ಆನ್‌ಲೈನ್‌ನಲ್ಲಿ ಇದೆ, ದೊಡ್ಡ ಆಸರೆಯೇ. ಆದರೆ ಈ ವರ್ಷ ಬದಲಾದ ಪಠ್ಯವನ್ನು ಯಾರಾದರೂ ಕೂತು ತಯಾರು ಮಾಡಿದರೆ ತಾನೇ ಎಲ್ಲಾದರೂ ಸಿಗುವುದು.

ಇನ್ನೊಂದು ಮಾತು ಹೇಳಲೇಬೇಕು. ಅಂಧರು ಅಂದ ಕೂಡಲೇ ಜನ ಹಾರ್ಮೋನಿಯಂ ಕೊಡಿಸಲು ಮುಂದೆ ಬರುತ್ತಾರೆ. ಪುಟ್ಟರಾಜ ಗವಾಯಿಗಳ ಗದಗ ಇಲ್ಲೇ ಪಕ್ಕದಲ್ಲಿದೆ, ನಮಗೂ ಅವರ ಮೇಲೆ ಅಪಾರ ಭಕ್ತಿ. ಆದರೆ ಎಲ್ಲರಿಗೂ ಸಂಗೀತ ಒಲಿಯಬೇಕು ಅಂತೇನಿದೆ? ಕೆಲವರಿಗೆ ಅರ್ಥಶಾಸ್ತ್ರ ಬೇಕು, ಕೆಲವರಿಗೆ ಸುಮ್ನೆ ಒಂದು ಕಾದಂಬರಿ ಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ, ಇಷ್ಟೊತ್ತಿಗೆ ಬರಬೇಕಿತ್ತು. ಪುಸ್ತಕದ ಹೊಲಿಗೆ ಬಿಚ್ಚದೆ ಸ್ಕ್ಯಾನ್ ಮಾಡುವ ಯಂತ್ರ, ಎರಡು ಕಂಪ್ಯೂಟರ್, ಪ್ರತಿ ಇಡಲು ಡಿಸ್ಕ್ (ಬುದ್ಧಿ ಬಂದಿದೆ), ತಿದ್ದುವ ಇಬ್ಬರಿಗೆ ಆರು ತಿಂಗಳ ಗೌರವಧನ, ಹಂಚಿನ ರಿಪೇರಿ ಎಲ್ಲ ಸೇರಿ ಹೆಚ್ಚುಕಡಿಮೆ ಮೂರು ಲಕ್ಷ ಬೇಕು. ಟ್ರಸ್ಟಿಗಳೇ ಸೇರಿ ಅರವತ್ತು ಸಾವಿರ ಹಾಕಿದ್ದೇವೆ. ಪರೀಕ್ಷೆ ಹತ್ತಿರ ಬಂದಿದೆ, ದೀಪಾವಳಿಯೊಳಗೆ ಯಂತ್ರ ಬರದಿದ್ದರೆ ಕಳೆದುಹೋದ ಆ ಒಂಬತ್ತು ಪುಸ್ತಕಗಳು ಈ ವರ್ಷ ಹುಡುಗರ ಕೈ ಸೇರುವುದಿಲ್ಲ. ಐನೂರು ಕೊಟ್ಟರೂ ನಮಗೆ ದೊಡ್ಡದೇ. ದುಡ್ಡು ಆಗದವರು ಮನೆಯಲ್ಲಿ ಕೂತು ದಿನಕ್ಕೆ ನಾಲ್ಕು ಪುಟ ತಿದ್ದಿಕೊಡಿ, ಒತ್ತಕ್ಷರ ಸರಿಯಾಗಿ ಬಂದರೆ ಸಾಕು. ದಾನಕ್ಕೆ ತೆರಿಗೆ ವಿನಾಯಿತಿಯ ರಶೀದಿ ಕೊಡುತ್ತೇವೆ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕ್ ಮೂಲಕವೇ ಕಳಿಸಿ.

ಖಾತೆಯ ವಿವರವನ್ನು ಈ ಸಲ ಅಕ್ಷರದಲ್ಲೇ ಟೈಪ್ ಮಾಡಿ ಇದರ ಜೊತೆ ಕಳಿಸಿದ್ದೇವೆ. ಹೋದ ವರ್ಷ ಬರೀ ಕ್ಯೂಆರ್ ಕೋಡಿನ ಚಿತ್ರ ಹಾಕಿದ್ದೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಅದೇ ಕುಕ್ಕರ್ ಸೀಟಿಯವನು, ಫೋನ್ ಮಾಡಿ, “ಸರ್, ದುಡ್ಡು ಕೊಡೋಣ ಅಂದ್ರೆ ನೀವೂ ಚಿತ್ರ ಕಳಿಸಿದ್ದೀರಲ್ಲ?” ಅಂತ ಚೆನ್ನಾಗಿ ಬೈದ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಎಲ್ಲ ಟ್ರಸ್ಟಿಗಳ ಪರವಾಗಿ