ಹೆಸರಿನ ಜೊತೆ ಎರಡು ಸಾಲೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿ, ಪುಣೆಗಳಲ್ಲಿ ಕನ್ನಡದ ಹೊಸ ಮಾಸಿಕವೋ ತ್ರೈಮಾಸಿಕವೋ ಬಿಡುಗಡೆಯಾದರೆ ನಿಮ್ಮ ಪುಟಗಳಲ್ಲಿ ವರದಿ ತಪ್ಪದೆ ಬರುತ್ತದೆ. ದೀಪ ಬೆಳಗಿದವರು, ಶಾಲು ಹೊದೆಸಿದವರು, ವಂದನಾರ್ಪಣೆ ಮಾಡಿದವರು ಎಲ್ಲರೂ ಅದರಲ್ಲಿ ಇರುತ್ತಾರೆ. ಹುಟ್ಟಿದ ಕೂಸಿಗೆ ಆ ಹೆಸರು ಯಾಕೆ, ಅದು ಹುಟ್ಟಿದ್ದಾದರೂ ಯಾಕೆ ಎಂಬುದು ಮಾತ್ರ ಇರುವುದಿಲ್ಲ. ತಪ್ಪು ವರದಿಗಾರರದಲ್ಲ, ಪತ್ರಿಕೆಯೊಳಗೇ ಅದು ಸಿಗುವುದಿಲ್ಲ. ಮೊದಲ ಸಂಪಾದಕೀಯ ತಾಯಿ ಭುವನೇಶ್ವರಿಯ ಸೇವೆ ಎಂದು ಶುರುವಾಗಿ ಜಾಹೀರಾತುದಾರರಿಗೆ ಕೃತಜ್ಞತೆ ಹೇಳಿ ಮುಗಿದಿರುತ್ತದೆ. ಕರಡು ತಿದ್ದುವ, ಪುಟ ಕಟ್ಟುವ ಕೆಲಸದಲ್ಲಿರುವ ನಮ್ಮ ಕೋರಿಕೆ ಸಣ್ಣದು. ಹೆಸರಿನ ಅರ್ಥ, ಹೊರಟ ಕಾರಣ, ಎರಡನ್ನೂ ಎರಡೇ ಸಾಲಿನಲ್ಲಿ ಬರೆದು ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕಬೇಕು.

ಇದಕ್ಕೆ ಮಾದರಿ ಪುಣೆಯಲ್ಲೇ ಇದೆ. 1881ರ ಜನವರಿ 4ರಂದು ಹೊರಟ ಮರಾಠಿಯ 'ಕೇಸರಿ'. ಆ ಪದಕ್ಕೆ ಸಿಂಹ ಎಂಬ ಅರ್ಥವೂ ಇದೆ, ಕುಂಕುಮ ಕೇಸರಿಯ ಬಣ್ಣ ಎಂಬ ಅರ್ಥವೂ ಇದೆ. ಓದುಗ ಯಾವುದನ್ನು ಹಿಡಿಯಬೇಕು? ಪತ್ರಿಕೆಯ ತಲೆಬರಹದಲ್ಲಿ ಸಂಸ್ಕೃತ ಕವಿ ಜಗನ್ನಾಥ ಪಂಡಿತನ ಶ್ಲೋಕವೊಂದು ಅಚ್ಚಾಗುತ್ತಿತ್ತು. ಮದದಿಂದ ಕುರುಡಾದ ಆನೆಯೇ, ಇಲ್ಲಿ ಕ್ಷಣವೂ ನಿಲ್ಲಬೇಡ, ಆನೆಗಳೆಂದು ಭ್ರಮಿಸಿ ಬಂಡೆಗಳನ್ನೇ ಉಗುರಿನಿಂದ ಸೀಳಿದ ಮೃಗರಾಜ ಈ ಗುಹೆಯಲ್ಲಿ ಮಲಗಿದ್ದಾನೆ ಎಂಬುದು ಅದರ ತಾತ್ಪರ್ಯ. ಹೆಸರಿನ ಅರ್ಥವನ್ನೂ ಪತ್ರಿಕೆ ಹೊರಟ ಕಾರಣವನ್ನೂ ಆ ಒಂದು ಶ್ಲೋಕವೇ ಹೇಳಿ ಮುಗಿಸಿತು. ಬ್ರಿಟಿಷರ ಆಳ್ವಿಕೆಯ ಆ ದಿನಗಳಲ್ಲಿ ಆನೆ ಯಾರು ಎಂದು ಟಿಪ್ಪಣಿ ಬೇಕಾಗಲಿಲ್ಲ.

ನಮ್ಮ ಮುಂಬಯಿಯ ಹೆಸರುಗಳನ್ನು ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿಯ 'ಮೊಗವೀರ' ತಾನು ಯಾರದೆಂದು ತಾನೇ ಹೇಳಿಬಿಡುತ್ತದೆ. ಕರ್ನಾಟಕ ಸಂಘದ 'ಸ್ನೇಹಸಂಬಂಧ'ವೂ ಹಾಗೆಯೇ ತಿಳಿಯುತ್ತದೆ. ಮೈಸೂರು ಅಸೋಸಿಯೇಷನ್ನಿನ 'ನೇಸರು' ಚೆಂದದ ಹಳೆಯ ಪದ. ಆದರೆ ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಸೂರ್ಯ ಗೊತ್ತು, ನೇಸರು ಗೊತ್ತಿಲ್ಲ. ಊರಿನಲ್ಲಿ ಟಿಪ್ಪಣಿ ಬೇಡದ ಪದಕ್ಕೂ ಇಲ್ಲಿ ಟಿಪ್ಪಣಿ ಬೇಕು. ಇನ್ನು ಗುರಿಯನ್ನೇ ಹೆಸರಾಗಿಸಿಕೊಂಡ ಪತ್ರಿಕೆಗಳ ಪಾಡು ಬೇರೆ. 'ಸಂಯುಕ್ತ ಕರ್ನಾಟಕ' ಎಂದು ಹೆಸರಿಟ್ಟಾಗ ಅಂಥ ರಾಜ್ಯವೇ ಇರಲಿಲ್ಲ, ಆ ಹೆಸರು ಒಂದು ಬೇಡಿಕೆಯಾಗಿತ್ತು. 1956ರ ನವೆಂಬರ್ 1ರ ನಂತರ ಹುಟ್ಟಿದವರಿಗೆ ಅದು ಬೇಡಿಕೆಯಾಗಿ ಕೇಳಿಸುವುದೇ ಇಲ್ಲ.

ಹೆಸರು ಆರಿಸುವಾಗ ಇಲ್ಲಿಯವರು ಮಾಡಲೇಬೇಕಾದ ಒಂದು ಪರೀಕ್ಷೆಯಿದೆ, ಬೆಂಗಳೂರಿನವರಿಗೆ ಅದರ ಗೊಡವೆ ಇಲ್ಲ. ಹೆಸರನ್ನು ದೇವನಾಗರಿಯಲ್ಲಿ ಬರೆದು ಪಕ್ಕದ ಮನೆಯ ಮರಾಠಿಯವರ ಕೈಗೆ ಕೊಟ್ಟು ಓದಿಸಬೇಕು. ಮರಾಠಿ ಬರಹದಲ್ಲಿ ಎ–ಏ, ಒ–ಓ ಎಂಬ ಭೇದವಿಲ್ಲ, ಎಲ್ಲವೂ ದೀರ್ಘವೇ. 'ಓಲೆ' ಎಂದು ಅಕ್ಕರೆಯಿಂದ ಹೆಸರಿಟ್ಟರೆ ಕನ್ನಡದ ಒಲೆಗೂ ಓಲೆಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ಮರಾಠಿ ಓದುಗನಿಗಂತೂ ಅದು 'ಒದ್ದೆ'. ಪರವೂರಿನಲ್ಲಿ ನೆಲೆಯೂರಿದ್ದೇವೆ ಎಂಬ ಹೆಮ್ಮೆಯಿಂದ 'ನೆಲೆ' ಎಂದಿಟ್ಟರೆ ಅವನು ಓದುವುದು 'ನೇಲೇ', ಅಂದರೆ 'ಒಯ್ದರು'! 'ಮಳೆ' ಅವರಿಗೆ ತೋಟಗಳು. 'ಮನೆ' ಅವರಿಗೆ ಮನಸ್ಸುಗಳು, ಇದೇನೂ ಕೆಟ್ಟದ್ದಲ್ಲ ಅನ್ನಿ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಲ–ಳ, ನ–ಣ ಭೇದವೂ ಹೋಗುತ್ತದೆ. 'ಹಳ್ಳಿ'ಯನ್ನು ಮರಾಠಿಯವರು 'ಹಲ್ಲಿ' ಎಂದು ಓದುತ್ತಾರೆ, ಅವರ ಭಾಷೆಯಲ್ಲಿ ಅದಕ್ಕೆ 'ಇತ್ತೀಚೆಗೆ' ಎಂದರ್ಥ. ಕನ್ನಡ ಪತ್ರಿಕೆಗೆ ಮರಾಠಿ ಓದುಗನ ಹಂಗೇಕೆ ಎನ್ನಬಹುದು. ಅಂಚೆಯವನು, ಮುದ್ರಣಾಲಯದವನು, ಜಾಹೀರಾತು ಕೊಡುವ ಅಂಗಡಿಯವನು, ಕನ್ನಡ ಲಿಪಿ ಬಾರದ ನಮ್ಮದೇ ಸೊಸೆ, ಮೊಮ್ಮಕ್ಕಳು, ಇವರೆಲ್ಲರೂ ಆ ಹೆಸರನ್ನು ಹೇಳಲೇಬೇಕಲ್ಲ.

ಎರಡನೆಯ ಪರೀಕ್ಷೆ ಕನ್ನಡದ್ದೇ, ವಿಭಕ್ತಿಯದು. ಹೆಸರಿಗೆ '-ಗೆ', '-ಅಲ್ಲಿ' ಹಚ್ಚಿ ನೋಡಿ. ನೇಸರಿಗೆ, ನೇಸರಿನಲ್ಲಿ ಎಂದು ನಾಲಿಗೆಗೆ ಸಲೀಸಾಗಿ ಬರುತ್ತದೆ. ಬಿಲ್ಲವರ ಅಸೋಸಿಯೇಷನ್ನಿನ 'ಅಕ್ಷಯ'ದಲ್ಲಿ ಬಂದ ಲೇಖನ ಎನ್ನುವುದಕ್ಕೂ ತೊಡಕಿಲ್ಲ. ಆದರೆ 'ನಾವು ನೀವು' ಎಂಬಂಥ ಹೆಸರಿಟ್ಟರೆ 'ನಾವು ನೀವುವಿನಲ್ಲಿ' ಎನ್ನಬೇಕಾಗುತ್ತದೆ, ಹತ್ತು ಸಲ ಹೇಳುವಷ್ಟರಲ್ಲಿ ಜನ 'ಸಂಘದ ಪುಸ್ತಕ' ಎನ್ನತೊಡಗುತ್ತಾರೆ. ಊರಿನ ಹೆಸರು ಸೇರಿಸುವಾಗಲೂ ಯೋಚಿಸಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಿತು, ಮರುವರ್ಷವೇ ಬಳ್ಳಾರಿಗೆ ಹೋಯಿತು, 'ಕನ್ನಡ ಸಮಾಚಾರ' ಆಯಿತು. ಮಾಟುಂಗಾದ ಹೆಸರಿಟ್ಟುಕೊಂಡ ಬಳಗದ ಅರ್ಧ ಜನ ಈಗ ಥಾಣೆ, ನವಿಮುಂಬಯಿಗಳಲ್ಲಿ ಇರುತ್ತಾರೆ.

ಕಾನೂನಿನದೂ ಒಂದು ಜರಡಿಯಿದೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿಯನ್ನು ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಅಭಿಪ್ರಾಯ ಹಾಕುವ ನಿಯತಕಾಲಿಕಕ್ಕೆ ಇದು ಅನ್ವಯ. ನೀವು ಕೇಳುವ ಹೆಸರು ದೇಶದಲ್ಲಿ ಎಲ್ಲೇ ಇರುವ ಇನ್ನೊಂದು ಕನ್ನಡ ಪತ್ರಿಕೆಯದನ್ನು ಹೋಲಬಾರದು, ಅದೇ ರಾಜ್ಯದಲ್ಲಿರುವ ಬೇರೆ ಭಾಷೆಯ ಪತ್ರಿಕೆಯದನ್ನೂ ಹೋಲಬಾರದು. ಮುಂಬಯಿ ಕನ್ನಡಿಗನಿಗೆ ಇದರಿಂದ ಎರಡು ಕಡೆಯ ಏಟು. ಒಂದು ಕಡೆ ಕರ್ನಾಟಕದ ಪತ್ರಿಕೆಗಳೆಲ್ಲ, ಇನ್ನೊಂದು ಕಡೆ ಮಹಾರಾಷ್ಟ್ರದ ಮರಾಠಿ, ಹಿಂದಿ, ಗುಜರಾತಿ, ಉರ್ದು, ಇಂಗ್ಲಿಷ್ ಪತ್ರಿಕೆಗಳೆಲ್ಲ. 'ಸಂಕಲ್ಪ', 'ಚೇತನ', 'ಪ್ರಗತಿ' ಥರದ ಸಂಸ್ಕೃತ ಪದಗಳು ಎರಡೂ ಜರಡಿಗಳಲ್ಲಿ ಸಿಕ್ಕಿಬೀಳುವಂಥವು. ಅಚ್ಚಗನ್ನಡದ ಪದಕ್ಕೆ ಎರಡನೆಯ ಜರಡಿಯ ಭಯ ಕಡಿಮೆ. ಆದ್ದರಿಂದ ಒಂದೇ ಹೆಸರು ಹಿಡಿದು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ, ನಾಲ್ಕೈದು ಹೆಸರು ಕೈಯಲ್ಲಿರಲಿ. ಇಲ್ಲಿಯ ಹಳೆಯ ಕನ್ನಡ ಪತ್ರಿಕೆಗಳ ನೋಂದಣಿ ಸಂಖ್ಯೆ 'ಎಂಎಎಚ್‌ಕೆಎಎನ್' ಎಂದು ಶುರುವಾಗುತ್ತದೆ: ಮಹಾರಾಷ್ಟ್ರ, ಕನ್ನಡ. ಹೊರನಾಡಿಗನ ಜಾತಕವೇ ಆ ಆರು ಅಕ್ಷರಗಳಲ್ಲಿದೆ.

ತಲೆಬರಹ ಬರೆಯುವವನ ಕಷ್ಟವನ್ನೂ ಕೇಳಬೇಕು. 'ಕಡಲು' ಒಂದೇ ಸಾಲಿನಲ್ಲಿ ಕೂರುತ್ತದೆ. 'ವೈಶಿಷ್ಟ್ಯ'ದಲ್ಲಿ ಒತ್ತಕ್ಷರದ ಮೇಲೊಂದು ಒತ್ತಕ್ಷರ. ಅದಕ್ಕೆ ಕೆಳಗೆ ಜಾಗ ಬಿಡಬೇಕಾದ್ದರಿಂದ ನಾಲ್ಕು ಸೆಂಟಿಮೀಟರ್ ಪಟ್ಟಿಯಲ್ಲಿ ಮೂಲ ಅಕ್ಷರಕ್ಕೆ ಉಳಿಯುವುದು ಅರ್ಧದಷ್ಟು. ಹೆಸರು ಸಣ್ಣದಾಗಿ, ಸಂಘದ ಲಾಂಛನ ದೊಡ್ಡದಾಗಿ ಕಾಣುತ್ತದೆ. ಕನ್ನಡ ಜೋಡಣೆಯ ಆಯ್ಕೆ ಹಾಕದ ತಂತ್ರಾಂಶದಲ್ಲಿ ಒತ್ತು ಬಿಡಿಬಿಡಿಯಾಗಿ, 'ವೈಶಿಷ್‌ಟ್‌ಯ' ಎಂದು ಅಚ್ಚಾಗುವುದೂ ಉಂಟು. ಕೊನೆಯ ಕರಡನ್ನು ಪರದೆಯ ಮೇಲೆ ನೋಡಿ ಒಪ್ಪಬೇಡಿ, ಕಾಗದದ ಮೇಲೆ ತೆಗೆಸಿ.

ಈಗ ಆ ಎರಡು ಸಾಲು. ಒಂದು ಕಾಲ್ಪನಿಕ ಉದಾಹರಣೆ: "ಸೆಲೆ ಅಂದರೆ ಬಂಡೆಯ ಬಿರುಕಿನಲ್ಲಿ ಜಿನುಗುವ ನೀರು. ಕನ್ನಡ ಮಾತಾಡಬಲ್ಲ, ಓದಲು ತಡವರಿಸುವ ಪುಣೆಯ ಮಕ್ಕಳಿಗಾಗಿ ದೊಡ್ಡ ಅಕ್ಷರದ 16 ಪುಟ, ಎರಡು ತಿಂಗಳಿಗೊಮ್ಮೆ." ಇದರಲ್ಲಿ ಸೇವೆಯ ಮಾತಿಲ್ಲ, ಆದರೆ ಪ್ರತಿ ಪದವೂ ಸಂಪಾದಕನನ್ನು ಕಟ್ಟಿಹಾಕುತ್ತದೆ. ದೊಡ್ಡ ಅಕ್ಷರ ಅಂದಮೇಲೆ 14 ಪಾಯಿಂಟಿಗಿಂತ ಇಳಿಯುವಂತಿಲ್ಲ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯಲ್ಲಿ ಪುಟಗಳು ನಾಲ್ಕರ ಮಗ್ಗಿಯಲ್ಲೇ ಏರುವುದರಿಂದ 'ಇನ್ನೆರಡು ಪುಟ ಸೇರಿಸಿ' ಎಂಬ ಒತ್ತಾಯ ನಡೆಯದು. ಅಧ್ಯಕ್ಷರ ಕಾಶಿಯಾತ್ರೆಯ ಸುದೀರ್ಘ ಲೇಖನ ಬಂದಾಗ ಸಂಪಾದಕ ಮುಖ ಮುರಿಯಬೇಕಿಲ್ಲ, ಆ ಎರಡು ಸಾಲಿನತ್ತ ಬೆರಳು ತೋರಿಸಿದರಾಯಿತು. ಮೂರನೇ ವರ್ಷ ಮಕ್ಕಳು ಓದುತ್ತಿಲ್ಲ, ಅಜ್ಜಂದಿರೇ ಓದುತ್ತಿದ್ದಾರೆ ಎಂದು ಕಂಡರೆ ಸಾಲು ಬದಲಿಸಬೇಕು, ಇಲ್ಲವೇ ಪತ್ರಿಕೆ ನಿಲ್ಲಿಸಬೇಕು. 'ಕನ್ನಡದ ಏಳಿಗೆಗಾಗಿ' ಎಂದು ಬರೆದುಕೊಂಡವರಿಗೆ ಇಂಥ ಲೆಕ್ಕ ಹಾಕುವ ದಾರಿಯೇ ಇಲ್ಲ.

ಈ ಸಾಲುಗಳನ್ನು ಮುಖಪುಟದ ಮೇಲೆ ಹಾಕಬೇಡಿ. ಗ್ರಂಥಾಲಯದಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಕಟ್ಟುವಾಗ ಹೊದಿಕೆ ಹರಿದುಹೋಗುವುದೇ ಹೆಚ್ಚು. ಮೊದಲ ಒಳಪುಟದಲ್ಲಿ, ಮುದ್ರಕ, ಪ್ರಕಾಶಕ, ಸಂಪಾದಕರ ವಿವರ ಇರುವ ಚೌಕದ ಮೇಲ್ಗಡೆ ಹಾಕಿ. ಮೊದಲ ಸಂಚಿಕೆಯಲ್ಲಿ ಮಾತ್ರ ಹಾಕಿದರೂ ಸಾಲದು. ಅದರ ಪ್ರತಿಗಳು ಬಿಡುಗಡೆಯ ದಿನ ಸಭಾಂಗಣದಲ್ಲೇ ಹಂಚಿಹೋಗುತ್ತವೆ, ಸಂಘದ ಕಪಾಟಿನಲ್ಲಿ ಎರಡನೆಯದರಿಂದ ಮುಂದಿನವೇ ಸಿಗುತ್ತವೆ.

ನಿಮ್ಮ ವರದಿಗಾರರು ಬಿಡುಗಡೆ ಸಮಾರಂಭಕ್ಕೆ ಹೋದಾಗ 'ಈ ಹೆಸರು ಯಾಕೆ, ಯಾರಿಗಾಗಿ?' ಎಂದು ಕೇಳಿ, ಉತ್ತರವನ್ನು ವರದಿಯ ಮೊದಲ ಪ್ಯಾರಾದಲ್ಲಿ ಹಾಕಲಿ. ಜಾಗ ಸಾಲದಿದ್ದರೆ ಶಾಲು ಹೊದೆಸಿದವರ ಪಟ್ಟಿಯನ್ನು ಕತ್ತರಿಸಬಹುದು.

ಇತಿ,
ಕನ್ನಡ ಕಿರುಪತ್ರಿಕೆಗಳ ಕೆಲವು ಕರಡು ತಿದ್ದುವವರು ಮತ್ತು ಪುಟವಿನ್ಯಾಸಕರು,
ಮಾಟುಂಗಾ, ಮುಂಬಯಿ