ಅನುಭವ ಎಂದರೆ ಯಾವ ಅನುಭವ?

ಮಾನ್ಯರೇ,

ಮಕ್ಕಳ ರಕ್ಷಣೆ, ಕುಟುಂಬ ಕಲ್ಯಾಣದ ಘಟಕಗಳಿಗೆ ಮುಖ್ಯಸ್ಥರನ್ನು ಆರಿಸುವಾಗ ನೋಡುವುದು ಎರಡೇ: ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಅಂಕಪಟ್ಟಿ ಮತ್ತು ಇಷ್ಟು ವರ್ಷದ ಅನುಭವ. ಯಾವುದರಲ್ಲಿ ಅನುಭವ ಎಂದು ಕೇಳುವವರು ಕಡಿಮೆ. ಐದು ವರ್ಷ ಜಾಥಾ ಮಾಡಿಸಿ ಫೋಟೊ ಕಳಿಸಿದವರನ್ನೂ ಐದು ವರ್ಷ ಮನೆ ಮನೆ ಹತ್ತಿಳಿದು ವರದಿ ಬರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ರಕ್ಷಣೆ ಬೇಕಾದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಮಗುವಿನ ಮನೆ, ಕುಟುಂಬದ ಸ್ಥಿತಿ ತಿಳಿಯುವ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಮುಖ್ಯಸ್ಥರ ಕಸುವು ಗೊತ್ತಾಗುವುದು ಈ ತನಿಖಾ ವರದಿಯಲ್ಲೇ. ಮಂಡ್ಯ ಸೀಮೆಯ ಕಬ್ಬು ಕಟಾವಿನ ಕಾಲವನ್ನೇ ನೋಡಿ. ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿಯಲ್ಲಿ ಟೆಂಟ್ ಹಾಕಿದ ಕುಟುಂಬದ ಬಳಿಗೆ ಕ್ಷೇತ್ರ ಕಾರ್ಯಕರ್ತರು ಬೆಳಿಗ್ಗೆ 11ಕ್ಕೆ ಹೋದರೆ ಸಿಗುವುದು ಕೈಗೂಸನ್ನು ಸೊಂಟಕ್ಕೇರಿಸಿಕೊಂಡ ಹತ್ತು ವರ್ಷದ ಹುಡುಗಿ ಮಾತ್ರ. ವರದಿಯಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂದು ಬೀಳುತ್ತದೆ. ರಾತ್ರಿ ಏಳರ ಮೇಲೆ ಹೋದರೆ ಒಲೆ ಹೊತ್ತಿರುತ್ತದೆ, ತಾಯಿ ಮಾತಿಗೆ ಸಿಗುತ್ತಾಳೆ. ಮೇಸ್ತ್ರಿಯ ಮುಂಗಡದಲ್ಲಿ ಬಾಕಿ ಎಷ್ಟು, ಹುಡುಗಿ ಶಾಲೆ ಬಿಟ್ಟು ಎಷ್ಟು ತಿಂಗಳಾಯಿತು, ಊರಲ್ಲಿ ಅಜ್ಜಿ ಇದ್ದಾಳೆಯೇ, ಎಲ್ಲವೂ ಹೊರಬೀಳುತ್ತದೆ. ಪಂಚಾಯಿತಿಯ ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ಹತ್ತಿರದಲ್ಲಿದ್ದು ಕೂಸನ್ನು ಅಲ್ಲಿ ಬಿಡಲಾದರೆ, ಕಟಾವು ಮುಗಿಯುವವರೆಗೆ ಹುಡುಗಿಯನ್ನು ಇಲ್ಲಿನ ಶಾಲೆಗೇ ಸೇರಿಸಬಹುದು. ‘ಎಷ್ಟು ಗಂಟೆಗೆ ಹೋಗಿದ್ರಿ, ಯಾರ ಹತ್ರ ಮಾತಾಡಿದ್ರಿ’ ಎಂದು ಕೇಳದೆ ಮುಖ್ಯಸ್ಥರು ಸಹಿ ಹಾಕಿದರೆ ಆ ಹುಡುಗಿ ಬಾಲಮಂದಿರ ಸೇರುತ್ತಾಳೆ. ಮಗುವನ್ನು ಇಂಥ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯ 3ನೇ ಸೆಕ್ಷನ್ನೇ ಹೇಳಿದೆ.

ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗು ಮನೆಯಲ್ಲೇ ಬೆಳೆಯಲೆಂದು ಕೊಡುವ ಹಣದ ನೆರವು, ಇದರದ್ದು ಇನ್ನೊಂದು ಕಥೆ. ವಿಧವೆ, ಪರಿತ್ಯಕ್ತೆಯರ ಮಕ್ಕಳಂಥವರಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಬಾರದು. ಮಂಜೂರಾದ ಮೇಲೂ ದುಡ್ಡು ನಿಲ್ಲುವುದು ಸಣ್ಣಪುಟ್ಟದಕ್ಕೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರುವುದಿಲ್ಲ. ಕಡತ ಅನುಮೋದನಾ ಸಮಿತಿಗೆ ಹೋಗುವ ಮುಂಚೆಯೇ ಆಧಾರ್, ಪಾಸ್‌ಬುಕ್, ವ್ಯಾಸಂಗ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರೆ ಹತ್ತು ನಿಮಿಷದ ಕೆಲಸ. ಆಮೇಲೆ ತಿದ್ದಿಸಲು ಹೊರಟರೆ ಆ ತಾಯಿ ನಾಲ್ಕು ದಿನದ ಕೂಲಿ ಬಿಟ್ಟು ಅಲೆಯಬೇಕು.

ಇಷ್ಟೆಲ್ಲ ಕಲಿತ ಕ್ಷೇತ್ರ ಕಾರ್ಯಕರ್ತರಿಗೆ ಗುತ್ತಿಗೆಯಲ್ಲಿ ಬಡ್ತಿ ಎಂಬುದಿಲ್ಲ. ಮೇಲಿನ ಹುದ್ದೆ ಬೇಕೆಂದರೆ ಹೊರಗಿನವರಂತೆ ಹೊಸದಾಗಿ ಅರ್ಜಿ ಹಾಕಬೇಕು. ತಾಲ್ಲೂಕಿನ ಪರಿಚಯ ಆಗುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ.

ಸಂದರ್ಶನದಲ್ಲಿ ಭಾಷಣ ಕೇಳುವ ಬದಲು, ಹೆಸರು ಅಳಿಸಿದ ಹಳೆಯ ಕಡತವೊಂದನ್ನು ಕೊಟ್ಟು ಒಂದು ಗಂಟೆ ಕೂರಿಸಿ. ವರದಿಯಲ್ಲಿ ಏನು ಬಿಟ್ಟುಹೋಗಿದೆ, ಮುಂದಿನ ಕೆಲಸ ಏನು, ಯಾರು, ಯಾವ ತಾರೀಖಿನೊಳಗೆ ಮಾಡಬೇಕು ಎಂದು ಬರೆಯಲಿ. ಆಯ್ಕೆಯಾದವರು ವಾರಕ್ಕೊಮ್ಮೆ ಪ್ರತಿ ಕಾರ್ಯಕರ್ತರ ಜತೆ ಕೂತು ಎರಡು ಕಡತವನ್ನಾದರೂ ಪೂರ್ತಿ ಓದಲಿ. ಪ್ರಗತಿ ಪರಿಶೀಲನಾ ಸಭೆ ಇದಕ್ಕೆ ಸಾಲದು. ಅಲ್ಲಿ ಓದುವುದು ಬರೀ ಅಂಕಿ. ಮಾನಸಗಂಗೋತ್ರಿ ಸೇರಿದಂತೆ ಇಲ್ಲಿನ ಎಂಎಸ್‌ಡಬ್ಲ್ಯು ವಿಭಾಗಗಳೂ ಕ್ಷೇತ್ರಕಾರ್ಯದ ಅಂಕದಲ್ಲಿ ಒಂದು ಪಾಲನ್ನು ವಿದ್ಯಾರ್ಥಿ ಬರೆದ ಮನೆ ಭೇಟಿ ವರದಿಗೆ ಮೀಸಲಿಡಬಹುದು.

ಮುಂದಿನ ನೇಮಕಾತಿ ಪ್ರಕಟಣೆಯಲ್ಲಿ ‘ಅನುಭವ’ದ ಮುಂದೆ ‘ಇದರಲ್ಲಿ ಎರಡು ವರ್ಷ ಮನೆ ಭೇಟಿ ಮತ್ತು ತನಿಖಾ ವರದಿ ಕಡ್ಡಾಯ’ ಎಂದು ಸೇರಿಸಲು ಹೊಸ ಅನುದಾನವೇನೂ ಬೇಕಿಲ್ಲ.

– ಮಕ್ಕಳ ರಕ್ಷಣಾ ಕ್ಷೇತ್ರದ ಕೆಲವು ಕಾರ್ಯಕರ್ತರು, ಮಂಡ್ಯ