ತುಮಕೂರಿಗೆ ಹೋಗಿ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಉದ್ಯಮಗಳನ್ನು ತುಮಕೂರಿನತ್ತ ಸೆಳೆಯುವ ಸಲುವಾಗಿ ನಗರದ ಹೋಟೆಲೊಂದರಲ್ಲಿ ನಡೆದ ಸಭೆಯ ವರದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕೈಗಾರಿಕೆಯವರಿಗೆ ಅಲ್ಲಿ ಸಿಕ್ಕಿದ್ದೇನು ಎಂಬುದು ಮಾತ್ರ ವರದಿಯಲ್ಲಿಲ್ಲ. ಹಿರಿಯ ಅಧಿಕಾರಿಗಳು ದೀಪ ಬೆಳಗಿಸಿದರು. ‘ಬೆಂಗಳೂರು ತುಂಬಿಹೋಗಿದೆ, ತುಮಕೂರಿನಲ್ಲಿ ಅಗ್ಗದ ಜಾಗ ಇದೆ, ನೀವ್ಯಾಕೆ ಹೋಗುತ್ತಿಲ್ಲ’ ಎಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನಾವು ಮಾತಾಡುವ ಸರದಿ ಬಂದಾಗ ಇನ್ನೊಂದು ಮೀಟಿಂಗ್ ಇದೆಯೆಂದು ಎದ್ದು ಹೋದರು. ಉತ್ತರ ಕೇಳುವ ವ್ಯವಧಾನ ಇಲ್ಲದವರು ಪ್ರಶ್ನೆಯನ್ನಾದರೂ ಯಾಕೆ ಕೇಳಬೇಕು? ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಅಗ್ಗ ಇರಬಹುದು. ಆದರೆ ಬರೀ ಜಾಗ ಇದ್ದರೆ ಕಾರ್ಖಾನೆ ನಡೆಯುವುದಿಲ್ಲ. ಒಂದು ಗೇರ್ ಶಾಫ್ಟ್ ತೆಗೆದುಕೊಳ್ಳಿ. ರಾಡ್ ಕತ್ತರಿಸಿ ಲೇತಿನಲ್ಲಿ ತಿರುಗಿಸಿ ಕೆತ್ತುವ ಟರ್ನಿಂಗ್ ಮಾಡಬೇಕು, ಹಾಬಿಂಗ್ ಯಂತ್ರದಲ್ಲಿ ಹಲ್ಲು ತೆಗೆಯಬೇಕು, ಚಾವಿ ಕೂರುವ ಗಾಡಿ (ಕೀವೇ) ಹಾಕಬೇಕು, ಮೇಲ್ಪದರ ಗಟ್ಟಿಯಾಗಲು ಕುಲುಮೆಯಲ್ಲಿ ಕಾಯಿಸುವ ಕೇಸ್ ಹಾರ್ಡನಿಂಗ್‌ಗೆ ಕಳಿಸಬೇಕು. ಅಲ್ಲಿಂದ ಬಂದ ಮಾಲು ಬೆಂಡಾಗಿರುತ್ತದೆ, ಅದನ್ನು ನೇರ ಮಾಡಿ ಬೇರಿಂಗ್ ಕೂರುವ ಭಾಗವನ್ನು ಗ್ರೈಂಡಿಂಗ್ ಮಾಡಬೇಕು. ಕೊನೆಗೆ ತುಕ್ಕು ಹಿಡಿಯದಂತೆ ಕಪ್ಪು ಮಾಡುವ ಬ್ಲ್ಯಾಕನಿಂಗ್. ಇಷ್ಟೂ ಯಂತ್ರಗಳನ್ನು ಸಣ್ಣ ಶೆಡ್ಡಿನವನು ತಾನೇ ಇಟ್ಟುಕೊಳ್ಳಲು ಆಗುವುದಿಲ್ಲ. ಪೀಣ್ಯದಲ್ಲಿ ಇವೆಲ್ಲ ಜಾಬ್ ವರ್ಕ್‌ಗೆ, ಅಂದರೆ ಕೂಲಿ ಲೆಕ್ಕದಲ್ಲಿ ಬೇರೆ ಶೆಡ್ಡಿನವರಿಂದ ಮಾಡಿಸಿಕೊಳ್ಳಲು ಸಿಗುತ್ತವೆ, ಒಂದು ಲಗೇಜ್ ಆಟೊ ಸಾಕು. ಹೀಟ್ ಟ್ರೀಟ್‌ಮೆಂಟ್‌ನವರಿಗೆ ಐವತ್ತು ಕೆ.ಜಿ. ಮಾಲು ಕೊಟ್ಟರೂ ಬೇರೆಯವರ ಮಾಲಿನ ಜೊತೆ ಒಂದೇ ಚಾರ್ಜ್‌ನಲ್ಲಿ, ಅಂದರೆ ಕುಲುಮೆಗೆ ಒಂದೇ ಸಲಕ್ಕೆ ಹಾಕಿ ಕೊಡುತ್ತಾರೆ.

ತುಮಕೂರು ದಾಟಿ ಶಿರಾ ಕಡೆಗಿರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಾಕಿದವನು ಟರ್ನಿಂಗ್ ಮಾಡಿ ಮುಗಿಸುತ್ತಾನೆ. ಮುಂದಿನದಕ್ಕೆ ಮತ್ತೆ ಪೀಣ್ಯಕ್ಕೇ ಬರಬೇಕು. ಬೆಂಗಳೂರು-ತುಮಕೂರು ನಡುವೆ 70 ಕಿ.ಮೀ., ದಾರಿಯಲ್ಲಿ ಟೋಲ್. ಮಾಲಿನ ಬೆಲೆ 50 ಸಾವಿರ ರೂಪಾಯಿ ದಾಟಿದರೆ ಡೆಲಿವರಿ ಚಲನ್ ಜೊತೆ ಜಿಎಸ್‌ಟಿಯ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಬೇಕು. ಟೆಂಪೊ ಅರ್ಧ ತುಂಬಿದ್ದರೂ ಬಾಡಿಗೆ ಪೂರ್ತಿ. ಬಾಡಿಗೆ ಉಳಿಸಲು ಲೋಡ್ ತುಂಬುವ ತನಕ ಕಾದರೆ ಆರ್ಡರ್ ಕೊಟ್ಟ ಕಂಪನಿಗೆ ಹೇಳಿದ ದಿನಕ್ಕೆ ಡೆಲಿವರಿ ತಪ್ಪುತ್ತದೆ. ಗ್ರೈಂಡಿಂಗ್‌ನಲ್ಲಿ ನಾಲ್ಕು ಪೀಸ್ ಅಳತೆ ತಪ್ಪಿತೋ, ಮತ್ತೆ ಅದೇ ಓಡಾಟ. ಜಾಗದಲ್ಲಿ ಉಳಿದದ್ದು ಡೀಸೆಲ್ಲಿಗೆ ಹೋಗುತ್ತದೆ.

ಪೀಣ್ಯವೂ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಂದವು. ಆ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ಸಣ್ಣ ಶೆಡ್ಡುಗಳು ಎದ್ದವು. ಅಲ್ಲೇ ಕೆಲಸ ಕಲಿತ ಫಿಟ್ಟರು, ಟರ್ನರುಗಳೇ ಹೊರಗೆ ಬಂದು ಲೇತ್ ಹಾಕಿಕೊಂಡರು. 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ ಹುಡುಗರಿಗೆ ಡೈ, ಮೋಲ್ಡ್ ಮಾಡುವುದನ್ನು ಕಲಿಸಿತು. ಗಡಿಯಾಚೆಯ ಹೊಸೂರಿನಲ್ಲೂ ಆದದ್ದು ಇದೇ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಬಂದವು, ಹಿಂದೆಯೇ ಅವುಗಳ ವೆಂಡರ್‌ಗಳು ಬಂದರು. ಈಗ ಎಲೆಕ್ಟ್ರಿಕ್ ಸ್ಕೂಟರಿನವರೂ ಅಲ್ಲೇ. ಮೊದಲು ದೊಡ್ಡ ಕಾರ್ಖಾನೆ, ಅದರ ಸುತ್ತ ಜಾಬ್ ವರ್ಕ್, ಆಮೇಲೆ ಊರು ಬೆಳೆಯುತ್ತದೆ.

ತುಮಕೂರಿಗೂ ಅಂಥ ಕಾರ್ಖಾನೆ ಬಂದಿದೆ. ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅದನ್ನು ನೋಡಿ ಸಣ್ಣವರು ತಾವಾಗಿ ಓಡಿ ಬರುತ್ತಾರೆಂದು ಅಧಿಕಾರಿಗಳು ತಿಳಿದಂತಿದೆ. ವಿಮಾನದ ಬಿಡಿಭಾಗಕ್ಕೆ ಬೇಕಾದ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಬಿರುಕು ಪತ್ತೆಹಚ್ಚುವ ಪರೀಕ್ಷೆಗಳನ್ನು ಮಾನ್ಯತೆ ಪಡೆದ ಘಟಕಗಳೇ ಮಾಡಬೇಕು. ಆ ಮಾನ್ಯತೆಯ ಆಡಿಟ್ ಖರ್ಚನ್ನು ಹತ್ತು ಜನ ಇಟ್ಟುಕೊಂಡು ದುಡಿಯುವವನು ಹೊರಲಾರ. ಸರ್ಕಾರವೇ ಅಲ್ಲೊಂದು ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಿ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಅಳತೆ ಪರೀಕ್ಷೆಯ ಸಿಎಂಎಂ ಯಂತ್ರ ಇಟ್ಟು ಪೀಸ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳಲಿ. ಪ್ಲೇಟಿಂಗ್ ನೀರನ್ನು ಶುದ್ಧ ಮಾಡುವ ಘಟಕವನ್ನು ಎಲ್ಲರಿಗೂ ಸೇರಿಸಿ ಒಂದೇ ಕಡೆ ಹಾಕಲಿ. ಬಂಡವಾಳ ಸಬ್ಸಿಡಿಗಿಂತ ಇದು ಎಷ್ಟೋ ಪಾಲು ಮೇಲು.

ಇನ್ನು ಕರೆಂಟು. ಆ ಸಭೆ ನಡೆದ ಮಧ್ಯಾಹ್ನವೇ ಪೀಣ್ಯ 2ನೇ ಹಂತದಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ ‘ಎರಡೇ ಸೆಕೆಂಡ್ ಸಾರ್, ಬಂತಲ್ಲ’ ಎನ್ನುತ್ತಾರೆ. ಎರಡು ಸೆಕೆಂಡಿಗೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿದೆಯೇ? ಕಂಪ್ಯೂಟರ್ ಹಿಡಿತದಲ್ಲಿ ಓಡುವ ಸಿಎನ್‌ಸಿ ಯಂತ್ರದ ತಿರುಗುವ ಸ್ಪಿಂಡಲ್ ಲೋಹ ಕೊರೆಯುತ್ತಿರುವಾಗ ವೋಲ್ಟೇಜ್ ಕುಸಿದರೆ ಡ್ರೈವ್ ಅಲಾರ್ಮ್ ಕೊಟ್ಟು ನಿಲ್ಲುತ್ತದೆ. ಟೂಲ್ ಮಾಲಿನೊಳಗೇ ಸಿಕ್ಕಿಕೊಳ್ಳುತ್ತದೆ, ಟೂಲಿನ ತುದಿಯಲ್ಲಿ ಕೂರಿಸುವ ಕತ್ತರಿಸುವ ತುಣುಕಿನ (ಇನ್ಸರ್ಟ್) ಮೂಲೆ ಮುರಿಯುತ್ತದೆ, ಮಾಲಿನ ಮೇಲೆ ಗೀರು ಬೀಳುತ್ತದೆ. ಟೂಲ್ ಬಿಡಿಸಿ, ಯಂತ್ರವನ್ನು ಅದರ ಮೂಲ ಸ್ಥಾನಕ್ಕೆ ತಂದು, ಹೊಸ ಇನ್ಸರ್ಟ್ ಹಾಕಿ, ಟೂಲಿನ ಅಳತೆ ಸರಿ ನೋಡಿ, ಸ್ಪಿಂಡಲ್ ಬಿಸಿಯಾದ ಮೇಲೆಯೇ ಮುಂದಿನ ಪೀಸ್. ಫಿನಿಶಿಂಗ್ ಕಟ್‌ನಲ್ಲಿದ್ದ ಪೀಸ್ ಸ್ಕ್ರಾಪ್‌ಗೆ. ಡೀಸೆಲ್ ಜನರೇಟರ್ ಲೋಡ್ ಎತ್ತಿಕೊಳ್ಳುವ ಹೊತ್ತಿಗೆ ಯಂತ್ರ ನಿಂತಾಗಿರುತ್ತದೆ, ಸ್ಟೆಬಿಲೈಜರ್ ಆದರೂ ಹೋದ ಕರೆಂಟನ್ನು ಹುಟ್ಟಿಸಿ ಕೊಡುವುದಿಲ್ಲ. ನಿಕ್ಕಲ್ ಪ್ಲೇಟಿಂಗ್ ತೊಟ್ಟಿಯಲ್ಲಿ ಮಧ್ಯೆ ಕರೆಂಟ್ ಕಡಿದರೆ ಮೇಲಿನ ಪದರ ಕೆಳಗಿನದಕ್ಕೆ ಹಿಡಿಯುವುದಿಲ್ಲ, ಆಮೇಲೆ ಸಿಪ್ಪೆಯಂತೆ ಏಳುತ್ತದೆ. 900 ಡಿಗ್ರಿ ದಾಟಿದ ಫರ್ನೇಸ್ ಅರ್ಧ ಗಂಟೆ ನಿಂತರೆ ಗಟ್ಟಿಯಾದ ಮೇಲ್ಪದರದ ಆಳ ಕಡಿಮೆಯಾಗಿ ಇಡೀ ಚಾರ್ಜ್ ರಿಜೆಕ್ಟ್. ಇಂಥ ಕ್ಷಣಮಾತ್ರದ ಕಡಿತಗಳು ಅವರ ದಾಖಲೆಯ ಲೆಕ್ಕಕ್ಕೇ ಸೇರುವುದಿಲ್ಲ. ಹಾಗಾಗಿಯೇ ಸಭೆಯ ಪರದೆಯ ಮೇಲೆ ‘ನಿರಂತರ ವಿದ್ಯುತ್’ ಎಂದು ತೋರಿಸಲು ಅವರಿಗೆ ಸಂಕೋಚವಾಗುವುದಿಲ್ಲ. ಹೊಸ ಊರಿನಲ್ಲಿ ಹಳ್ಳಿಯ ಪಂಪ್‌ಸೆಟ್ ಲೈನಿಗೇ ಕಾರ್ಖಾನೆಗಳನ್ನೂ ಜೋಡಿಸಿಬಿಟ್ಟರೆ ಗತಿ ಏನು? ಕೈಗಾರಿಕೆಗೇ ಮೀಸಲಾದ ವಿದ್ಯುತ್ ಲೈನು (ಫೀಡರ್) ಇದೆಯೇ, ಅದು ಬಿದ್ದರೆ ಇನ್ನೊಂದು ಕಡೆಯಿಂದ ಕರೆಂಟ್ ಕೊಡುವ ವ್ಯವಸ್ಥೆ ಇದೆಯೇ, ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬದಲಿ ಎಲ್ಲಿಂದ ಬರುತ್ತದೆ? ಕೇಳಬೇಕೆಂದಿದ್ದದ್ದು ಇದನ್ನೇ.

ಕಾಗದಪತ್ರದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ-ಕ್ರಯ ಕರಾರು, ನಕ್ಷೆ ಮಂಜೂರಾತಿ, ಮಾಲಿನ್ಯ ಮಂಡಳಿಯ ಸ್ಥಾಪನಾ ಸಮ್ಮತಿ, ವಿದ್ಯುತ್ ಲೋಡ್ ಮಂಜೂರು, ಕೊನೆಗೆ ಕಾರ್ಯಾಚರಣೆಯ ಸಮ್ಮತಿ. ಉತ್ಪಾದನೆ ಶುರುವಾಗುವ ತನಕ ಕ್ರಯಪತ್ರ ಇಲ್ಲ. ಬ್ಯಾಂಕಿಗೆ ಅಡಮಾನ ಇಡಬೇಕಾದರೆ ನಿರಾಕ್ಷೇಪಣಾ ಪತ್ರಕ್ಕೆ (ಎನ್‌ಒಸಿ) ಅರ್ಜಿ. ಅಷ್ಟರಲ್ಲಿ ಅಧಿಕಾರಿಯ ವರ್ಗಾವಣೆ, ಬಂದವರಿಗೆ ಮತ್ತೆ ಮೊದಲಿಂದ ಹೇಳಬೇಕು. ಏಕಗವಾಕ್ಷಿ ಎಂಬ ಪೋರ್ಟಲ್ ಇದೆ. ಕಿಟಕಿ ಒಂದೇ ಇರಬಹುದು, ಅದರ ಹಿಂದೆ ಕೂತಿರುವ ಇಲಾಖೆಗಳು ಹಿಂದೆ ಇದ್ದಷ್ಟೇ ಇವೆ.

ದೊಡ್ಡ ಅಂಕಿಗಳಿಗೇನೂ ಬರವಿಲ್ಲ. 2022ರ ಹೂಡಿಕೆದಾರರ ಸಮಾವೇಶದಲ್ಲಿ 9.81 ಲಕ್ಷ ಕೋಟಿ ರೂಪಾಯಿ ಹೂಡಿಕೆ ಎಂದರು, 2025ರ ಫೆಬ್ರುವರಿಯಲ್ಲಿ 10.27 ಲಕ್ಷ ಕೋಟಿ ಎಂದರು. ಪೀಣ್ಯದ ಮೇಲ್ಸೇತುವೆಯ ಕೇಬಲ್ ಕೆಟ್ಟಿತೆಂದು 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಲ್ಲಿಸಿದವರು ಅದರ ಮೇಲೆ ಲಾರಿ ಬಿಟ್ಟದ್ದು 2024ರ ಜುಲೈ ಕೊನೆಗೆ. ಅಲ್ಲಿಯ ತನಕ ನಮ್ಮ ಕಬ್ಬಿಣದ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿ ಒದ್ದಾಡಿದವು. ಈಗ ಮಾದಾವರದಿಂದ ತುಮಕೂರಿಗೆ ಮೆಟ್ರೊ ಎನ್ನುತ್ತಿದ್ದಾರೆ. ಮಳೆ ಬಂದರೆ ಮೊಣಕಾಲುದ್ದ ನಿಲ್ಲುವ ಚರಂಡಿ ನೀರಿಗೆ ದಾರಿ ಮಾಡಲಾಗದವರು ಮೆಟ್ರೊ ಮಾತಾಡುತ್ತಾರೆ! ಬೆಂಗಳೂರಿಗೆ ಒಂದಿದ್ದ ಪಾಲಿಕೆ ಐದಾಯಿತು. ಕಸ ಎತ್ತುವವರು ಯಾರೆಂದು ಕೇಳಿದರೆ ಐದರಲ್ಲಿ ಒಬ್ಬರೂ ಉತ್ತರ ಕೊಡುವುದಿಲ್ಲ. ಆಸ್ತಿ ತೆರಿಗೆಯ ನೋಟಿಸ್ ಮಾತ್ರ ತಪ್ಪದೆ ಬರುತ್ತದೆ.

ಹಾಗಾಗಿ ಸರ್ಕಾರ ಮೊದಲು ತುಮಕೂರಿನಲ್ಲಿ ಫೀಡರ್, ಸಾಮಾನ್ಯ ಸೌಲಭ್ಯ ಕೇಂದ್ರ, ಎರಡನೇ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಬಸ್ಸು, ಇಷ್ಟನ್ನು ಮಾಡಿ ಆಮೇಲೆ ನಮ್ಮನ್ನು ಕರೆಯಲಿ. ಜೊತೆಗೆ ಪೀಣ್ಯವನ್ನೂ ನೆಟ್ಟಗೆ ಇಡಲಿ. ಎರಡೂ ಆಗಬೇಕು, ಎರಡೂ ಅವರದೇ ಕೆಲಸ. ಇದನ್ನು ಯಾವ ಇಲಾಖೆ ಮಾಡುತ್ತದೋ ನಮಗೆ ಬೇಕಾಗಿಲ್ಲ, ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಲಿ. ಕನಿಷ್ಠ ಒಳರಸ್ತೆಗಳ ಗುಂಡಿಗಾದರೂ ಡಾಂಬರು ಹಾಕಿಸಿ. ಅದೂ ಆಗದಿದ್ದರೆ ತೆರಿಗೆ ಕಟ್ಟಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುತ್ತೀರಿ?

ಇತಿ,
ಸಣ್ಣ ಕೈಗಾರಿಕೆಯೊಂದರ ಮಾಲೀಕ,
ಪೀಣ್ಯ 2ನೇ ಹಂತ, ಬೆಂಗಳೂರು